ಓದುಗರು ಕಳಿಸಿದ ಆಟ, ಕ್ವಿಜ್, ನಕ್ಷೆ: ನಮ್ಮ ಸೈಟಿನಲ್ಲಿ ಎಲ್ಲಿ ಓಡಿಸಬೇಕು?

ತುಂಗಭದ್ರಾ ಡ್ಯಾಮಿನ 33 ಗೇಟುಗಳನ್ನು ಪರದೆಯ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದನ್ನೂ ಬೆರಳಿನಿಂದ ಎತ್ತಿ ಇಳಿಸುವ ಹಾಗೆ ಯಾರೋ ಒಂದು ಪುಟ ಮಾಡಿದ್ದಾರೆ ಎಂದುಕೊಳ್ಳಿ. ಪಕ್ಕದಲ್ಲಿ ಒಂದು ಸ್ಲೈಡರ್. ಎಳೆದರೆ ನೀರು 1633 ಅಡಿಯವರೆಗೆ ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ, ಅದನ್ನು ಮತ್ತೆ ಮುಚ್ಚಲು ಅಷ್ಟೊಂದು ನೀರು ಯಾಕೆ ಹೊರಬಿಡಬೇಕಾಯಿತು ಅಂತ ಎಂಟನೇ ತರಗತಿಯ ಹುಡುಗಿಗೆ ಹೇಳಿಕೊಡಲು ಚಿತ್ರಕ್ಕಿಂತ ಇದು ಎಷ್ಟೋ ಮೇಲು. ಗಂಗಾವತಿಯ ಕಾಲೇಜು ಹುಡುಗನೊಬ್ಬ ರಜೆಯಲ್ಲಿ ಕೂತು ಇದನ್ನು ಮಾಡಬಲ್ಲ. ಮಾಡಿ, ನಿಮ್ಮ ಊರಿನ ಸೈಟಿಗೆ ಕಳಿಸಿ, "ಸರ್, ಇದನ್ನ ಹಾಕ್ರಿ" ಅನ್ನುತ್ತಾನೆ.

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಇಂಥ ಐಡಿಯಾಗಳಿಗೆ ಬರವಿಲ್ಲ. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನದ ಬ್ರಾಹ್ಮಿ ಅಕ್ಷರಗಳನ್ನು ಎಳೆದು ಕನ್ನಡ ಅಕ್ಷರಕ್ಕೆ ಜೋಡಿಸುವ ಆಟ. ಹಿರೇಬೆಣಕಲ್ಲಿನ ಕಲ್ಲು ಗೋರಿಗಳ ನಕ್ಷೆ. ಕಿನ್ನಾಳದ ಗೊಂಬೆಗೆ ಬಣ್ಣ ತುಂಬುವುದು. ರಾಯಚೂರಿನ ಹತ್ತಿ ಬೆಳೆಗಾರರಿಗೆ ಖರ್ಚು–ಆದಾಯದ ಲೆಕ್ಕ ಹಾಕುವ ಪುಟ. ಇವೆಲ್ಲ ಬರೀ ಬರಹವಲ್ಲ, ಚಿತ್ರವೂ ಅಲ್ಲ. ಓದುಗರ ಬ್ರೌಸರಿನೊಳಗೆ ಓಡುವ ಪ್ರೋಗ್ರಾಂಗಳು. ಹಾಗಾಗಿ ಹಾಕಬೇಕೋ ಬೇಡವೋ ಅನ್ನುವುದಕ್ಕಿಂತ, ಯಾವ ವಿಳಾಸದಲ್ಲಿ ಓಡಿಸಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಇರುವ ದಾರಿಗಳನ್ನು ಹೋಲಿಸಿ ನೋಡೋಣ.

ಭಯ ಯಾವುದರದ್ದು?

ಬ್ರೌಸರ್ ಯಾರನ್ನು ನಂಬಬೇಕು ಅಂತ ತೀರ್ಮಾನಿಸುವುದು ವಿಳಾಸ ನೋಡಿ. ನಿಮ್ಮ ಸೈಟಿನ ವಿಳಾಸದಿಂದ ಬಂದ ಜಾವಾಸ್ಕ್ರಿಪ್ಟ್ (ಬ್ರೌಸರಿನಲ್ಲಿ ಓಡುವ ಕೋಡ್) ಅಂದರೆ ಅದು ನಿಮ್ಮದೇ ಅಂತ ಅದು ಭಾವಿಸುತ್ತದೆ. ಬರೆದವನು ನೀವೋ, ನಿನ್ನೆ ಖಾತೆ ತೆರೆದ ಅಪರಿಚಿತನೋ, ಅದಕ್ಕೆ ಗೊತ್ತಾಗುವುದಿಲ್ಲ. ಲಾಗಿನ್ ಆಗಿರುವ ಮಾಸ್ತರರು ಆ ಪುಟ ತೆರೆದರೆ, ಅದರೊಳಗಿನ ಕೋಡ್ ಅವರ ಹೆಸರಿನಲ್ಲೇ ಸಂದೇಶ ಕಳಿಸಬಹುದು, ಇಮೇಲ್ ವಿಳಾಸ ಬದಲಿಸಬಹುದು. ತೆರೆದವರು ಅಡ್ಮಿನ್ ಆಗಿದ್ದರಂತೂ ಇಡೀ ಸೈಟೇ ಹೋಯಿತು.

ಇದು ಬರೀ ಊಹೆಯಲ್ಲ. 2005ರ ಅಕ್ಟೋಬರಿನಲ್ಲಿ, ಗೆಳೆಯರನ್ನು ಜೋಡಿಸುವ ಜಾಲತಾಣವಾದ ಮೈಸ್ಪೇಸ್‌ನಲ್ಲಿ ಸ್ಯಾಮಿ ಕಾಮ್ಕಾರ್ ಎಂಬ ಹುಡುಗ ತನ್ನ ಪ್ರೊಫೈಲಿನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಅಡಗಿಸಿಟ್ಟ. ಯಾರು ಆ ಪ್ರೊಫೈಲ್ ನೋಡಿದರೋ ಅವರೆಲ್ಲ ಅವನಿಗೆ ತಾವಾಗಿ ಫ್ರೆಂಡ್ ರಿಕ್ವೆಸ್ಟ್ ಕಳಿಸುತ್ತಿದ್ದರು, ಅವರ ಪ್ರೊಫೈಲಿಗೂ ಅದೇ ಸ್ಕ್ರಿಪ್ಟ್ ಅಂಟುತ್ತಿತ್ತು. ಒಂದು ದಿನ ತುಂಬುವುದರೊಳಗೆ ಹತ್ತು ಲಕ್ಷಕ್ಕೂ ಜಾಸ್ತಿ ಖಾತೆಗಳಿಗೆ ಹರಡಿತು. ಮೈಸ್ಪೇಸ್ ಸ್ಕ್ರಿಪ್ಟ್‌ಗಳನ್ನು ಸೋಸುತ್ತಿರಲಿಲ್ಲ ಅಂತಲ್ಲ. ಸೋಸುತ್ತಿತ್ತು. ಆ ಜರಡಿಯಲ್ಲಿ ತೂತಿತ್ತು, ಅಷ್ಟೇ.

'ನಮ್ಮ ಲಾಗಿನ್ ಕುಕೀಗೆ ಎಚ್‌ಟಿಟಿಪಿ-ಓನ್ಲಿ ಹಾಕಿದ್ದೇವೆ, ಸಾಕಲ್ವಾ?' ಅಂತ ಕೇಳುವವರಿದ್ದಾರೆ. ಸಾಲದು. ಅದರಿಂದ ಕುಕೀಯನ್ನು, ಅಂದರೆ ನೀವು ಲಾಗಿನ್ ಆಗಿದ್ದೀರಿ ಅನ್ನುವ ಗುರುತುಚೀಟಿಯನ್ನು, ಸ್ಕ್ರಿಪ್ಟಿಗೆ ಓದಿ ಕದಿಯಲು ಆಗುವುದಿಲ್ಲ, ನಿಜ. ಆದರೆ ಕೋಡ್ ಅಲ್ಲೇ ಕೂತು ನಿಮ್ಮ ಪರವಾಗಿ ಬಟನ್ ಒತ್ತುವುದನ್ನು ಅದು ತಡೆಯುವುದಿಲ್ಲ.

ಓಡಿಸುವುದೇ ಬೇಡ ಅನ್ನುವ ದಾರಿ

ಬರಹ, ಚಿತ್ರ, ವಿಡಿಯೊ ಮಾತ್ರ ಬಿಟ್ಟು, ಉಳಿದದ್ದನ್ನು ಸೋಸಿ ತೆಗೆಯುವುದು. ಜನ ಬರೆಯುವ ಎಚ್‌ಟಿಎಂಎಲ್ ಸೋಸಲು ಡಾಮ್‌ಪ್ಯೂರಿಫೈ ಥರದ ಪಳಗಿದ ಲೈಬ್ರರಿಗಳಿವೆ, ಸ್ವಂತ ಜರಡಿ ಹೆಣೆಯಲು ಹೋಗಬೇಡಿ. ಆಟವನ್ನು ಜಿಪ್ ಫೈಲಾಗಿ ಇಟ್ಟು, ಬೇಕಾದವರು ಇಳಿಸಿಕೊಳ್ಳಲಿ ಅಂತಲೂ ಬಿಡಬಹುದು. ಹಾಗೆ ಬಿಟ್ಟರೆ ಅಪಾಯವನ್ನು ಓದುಗರ ಕಂಪ್ಯೂಟರಿಗೆ ಸಾಗಿಸಿದಂತಾಯಿತು. ಮೊಬೈಲಿನಲ್ಲಿ ನೋಡುವವರಿಗೆ ಜಿಪ್ ಬಿಚ್ಚಿ ಓಡಿಸುವ ತಾಳ್ಮೆಯೂ ಇರುವುದಿಲ್ಲ.

ಈ ದಾರಿ ಹಿಡಿದವರು ಒಂದನ್ನು ಮರೆಯುತ್ತಾರೆ: ಎಸ್‌ವಿಜಿ. ನೋಡಲು ಚಿತ್ರ, ಒಳಗೆ ಸ್ಕ್ರಿಪ್ಟ್ ಇರಬಹುದು. ವರ್ಡ್‌ಪ್ರೆಸ್ ತಾನಾಗಿ ಎಸ್‌ವಿಜಿ ಅಪ್‌ಲೋಡ್ ಬಿಡದೇ ಇರುವುದಕ್ಕೆ ಕಾರಣ ಇದೇ. ಯಾರೋ ಪ್ಲಗಿನ್ ಹಾಕಿ ಅದನ್ನು ತೆರೆದಿದ್ದರೆ ನಿಮ್ಮ ಬಾಗಿಲು ಆಗಲೇ ತೆರೆದಿದೆ.

ಬೇರೆಯವರ ಮನೆಯಲ್ಲಿ ಓಡಲಿ

ಹುಡುಗ ತನ್ನ ಆಟವನ್ನು ಸ್ಕ್ರ್ಯಾಚ್‌ನಲ್ಲಿ ಮಾಡುತ್ತಾನೆ, ಗಣಿತದ ಮಾಸ್ತರರು ಜಿಯೋಜೀಬ್ರಾದಲ್ಲಿ ರೇಖಾಚಿತ್ರ ಮಾಡುತ್ತಾರೆ. ನಿಮ್ಮ ಸೈಟಿನಲ್ಲಿ ಅದರ ಲಿಂಕ್ ಅಂಟಿಸಿದರೆ ಪುಟದ ನಡುವೆಯೇ ಕಾಣುತ್ತದೆ, ಓಡುವುದು ಮಾತ್ರ ಅವರ ವಿಳಾಸದಲ್ಲಿ. ಏನಾದರೂ ಕೆಟ್ಟರೆ ನೋಡಿಕೊಳ್ಳಲು ಅಲ್ಲಿ ಪೂರ್ತಿ ತಂಡವೇ ಇದೆ. ಸ್ಕ್ರ್ಯಾಚ್ ಹುಟ್ಟಿದ್ದು 2007ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಅಲ್ಲಿ ಮಕ್ಕಳು ಜೋಡಿಸುವುದು ಬ್ಲಾಕ್‌ಗಳನ್ನು, ಬರೆಯುವುದು ಜಾವಾಸ್ಕ್ರಿಪ್ಟ್ ಅಲ್ಲ. ಆ ಬ್ಲಾಕ್‌ಗಳಿಗೆ ಏನು ಮಾಡಲು ಬಿಡಬೇಕು ಅನ್ನುವುದು ಸ್ಕ್ರ್ಯಾಚ್‌ನವರ ಕೈಯಲ್ಲಿದೆ. ಕೋಟಿಗಟ್ಟಲೆ ಮಕ್ಕಳ ಪ್ರಾಜೆಕ್ಟುಗಳನ್ನು ಅವರು ಒಂದೇ ಸೈಟಿನಲ್ಲಿ ಇಟ್ಟುಕೊಂಡಿರುವುದು ಹೀಗೆ.

ಶಾಲೆಗಳ ಗುಂಪಿಗೆ ನಾನು ಮೊದಲು ಹೇಳುವುದು ಇದನ್ನೇ. ಖರ್ಚಿಲ್ಲ, ಸರ್ವರ್ ಕೆಲಸವಿಲ್ಲ. ಆದರೆ ಯಾವ ಸೈಟಿನ ಲಿಂಕ್ ಬೇಕಾದರೂ ಅಂಟಿಸಲು ಬಿಡಬೇಡಿ. ನಾಲ್ಕೈದು ಸೈಟುಗಳ ಪಟ್ಟಿ ಮಾಡಿ, ಅವಕ್ಕೆ ಮಾತ್ರ ಬಿಡಿ.

ಕೊರತೆಯೂ ಇದೆ. ಅವರ ಅಂಗಡಿ ಮುಚ್ಚಿದರೆ ನಿಮ್ಮದೂ ಮುಚ್ಚಿತು. ಫ್ಲ್ಯಾಶ್ ಕಾಲದಲ್ಲಿ ಮಾಡಿದ ಪಾಠಗಳ ಗತಿ ನೆನಪಿದೆಯಲ್ವಾ? 2020ರ ಡಿಸೆಂಬರ್ 31ಕ್ಕೆ ಅಡೋಬಿ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ಓಡಿಸುವುದನ್ನೇ ಬಿಟ್ಟಿತು. ಒಳ್ಳೊಳ್ಳೆಯ ವಿಜ್ಞಾನದ ಪಾಠಗಳು ಖಾಲಿ ಚೌಕಗಳಾದವು. ಅದಕ್ಕೇ, ಲಿಂಕ್ ಜೊತೆಗೆ ಮೂಲ ಫೈಲನ್ನೂ ಇಸಿದುಕೊಂಡು ಇಟ್ಟುಕೊಳ್ಳಿ.

ಅಚ್ಚು ನಮ್ಮದು, ತುಂಬುವುದು ಅವರು

ಬಂದ ಕ್ವಿಜ್‌ಗಳನ್ನು ಸಾಲಾಗಿ ಇಟ್ಟು ನೋಡಿ. ಬಹುಪಾಲು ಒಂದೇ ಥರ: ಪ್ರಶ್ನೆ, ನಾಲ್ಕು ಉತ್ತರ, ಸರಿ–ತಪ್ಪು. ಇದಕ್ಕೆ ಪ್ರತಿಯೊಬ್ಬರೂ ಕೋಡ್ ಬರೆಯಬೇಕಾದ್ದೇ ಇಲ್ಲ. ಎಚ್‌5ಪಿ ಅಂತ ಒಂದು ಮುಕ್ತ ತಂತ್ರಾಂಶವಿದೆ. ಪಾಠದ ಸೈಟು ಕಟ್ಟುವ ಮೂಡಲ್‌ಗೂ ವರ್ಡ್‌ಪ್ರೆಸ್‌ಗೂ ಹೊಂದುತ್ತದೆ. ಕ್ವಿಜ್, ಎಳೆದು ಜೋಡಿಸುವುದು, ಕಾಲರೇಖೆ, ಚಿತ್ರದ ಮೇಲೆ ಒತ್ತಿದರೆ ವಿವರ ಬರುವುದು, ಎಲ್ಲಕ್ಕೂ ಅಚ್ಚುಗಳು ಸಿದ್ಧ ಇವೆ. ಬಳಸುವವರು ಮಾಹಿತಿ ತುಂಬುತ್ತಾರೆ, ಕೋಡ್ ನೀವು ಹಾಕಿದ್ದೇ ಇರುತ್ತದೆ. ಮಸ್ಕಿ ಶಾಸನದ ಆಟ ಇದರಲ್ಲೇ ಆಗುತ್ತದೆ. ಕನ್ನಡದ ಮಾಸ್ತರರಿಗೆ ಒಂದು ಮಧ್ಯಾಹ್ನ ಕೂತು ಕಲಿಸಿದರೆ ಸಾಕು.

ಎಚ್ಚರ ಇರಬೇಕಾದ್ದು ಒಂದು ಕಡೆ. ಎಚ್‌5ಪಿ ಪ್ಯಾಕೇಜಿನೊಳಗೆ ಅಚ್ಚಿನ ಲೈಬ್ರರಿಯೂ ಬರಬಹುದು, ಅದು ಶುದ್ಧ ಜಾವಾಸ್ಕ್ರಿಪ್ಟ್. ಹೊಸ ಲೈಬ್ರರಿ ಸೇರಿಸುವ ಅಧಿಕಾರ ಅಡ್ಮಿನ್‌ಗೆ ಮಾತ್ರ ಇರಲಿ. ಎಲ್ಲರಿಗೂ ಕೊಟ್ಟರೆ ಅಚ್ಚಿನ ಲಾಭವೇ ಹೋಯಿತು.

ಡ್ಯಾಮಿನ ಪುಟಕ್ಕೆ ಮಾತ್ರ ಯಾವ ಅಚ್ಚೂ ಹೊಂದುವುದಿಲ್ಲ. ಜಾಣ ಹುಡುಗರಿಗೆ ಅಚ್ಚು ಬೇಗ ಬೇಜಾರು. ಅವರಿಗೆ ಮುಂದಿನ ದಾರಿಗಳು ಬೇಕು.

ಓದಿ ನೋಡಿ ಹಾಕುತ್ತೇವೆ ಅನ್ನುವವರಿಗೆ

ಬಂದ ಕೋಡನ್ನು ಅಡ್ಮಿನ್ ಓದುತ್ತಾರೆ, ಸರಿ ಇದ್ದರೆ ಸೈಟಿನಲ್ಲೇ ನೇರವಾಗಿ ಹಾಕುತ್ತಾರೆ. ಚಿಕ್ಕ ಗುಂಪುಗಳಿಗೆ ಎಲ್ಲರೂ ಪರಿಚಯದವರೇ, ಹಾಗಾಗಿ ಇದು ಸುಲಭ ಅನ್ನಿಸುತ್ತದೆ. ನನಗೆ ಈ ದಾರಿ ಕೊಂಚವೂ ಹಿಡಿಸುವುದಿಲ್ಲ.

ಗೇಮ್ ಎಂಜಿನ್‌ನಿಂದ ಹೊರಬಂದ ಫೈಲ್ ಅಂದರೆ ಸಾವಿರಾರು ಸಾಲು ಒಂದಕ್ಕೊಂದು ಅಂಟಿಕೊಂಡ ಕೋಡ್. ಅದನ್ನು ಯಾರೂ ಓದುವುದಿಲ್ಲ. ಓದಿದೆ ಅಂದವರು ಮೇಲಿಂದ ಕೆಳಗೆ ಸ್ಕ್ರೋಲ್ ಮಾಡಿರುತ್ತಾರೆ. ಪುಟ ಹೊರಗಿನ ವಿಳಾಸದಿಂದ ಒಂದು ಸ್ಕ್ರಿಪ್ಟ್ ಎಳೆದುಕೊಳ್ಳುತ್ತಿದ್ದರೆ, ಇವತ್ತು ಓದಿದ್ದೇ ನಾಳೆಯೂ ಅಲ್ಲಿ ಇರುತ್ತದೆ ಅಂತ ಹೇಳುವವರು ಯಾರು? ಕಳಿಸಿದ ಹುಡುಗ ಒಳ್ಳೆಯವನೇ ಇರಬಹುದು. ಅವನು ಎಲ್ಲಿಂದಲೋ ನಕಲು ಮಾಡಿದ ತುಣುಕು ಒಳ್ಳೆಯದೇ ಅಂತ ಅವನಿಗೂ ಗೊತ್ತಿರುವುದಿಲ್ಲ. ಒಂದು ಕಾಲದಲ್ಲಿ ಕಾಯಿನ್‌ಹೈವ್ ಎಂಬ ಸ್ಕ್ರಿಪ್ಟನ್ನು ಎಷ್ಟೋ ಸೈಟುಗಳಲ್ಲಿ ಗುಟ್ಟಾಗಿ ಸೇರಿಸುತ್ತಿದ್ದರು. ನೋಡಲು ಬಂದವರ ಕಂಪ್ಯೂಟರಿನಲ್ಲಿ ಅದು ಕ್ರಿಪ್ಟೋ ನಾಣ್ಯ ಅಗೆಯುತ್ತಿತ್ತು. 2019ರಲ್ಲಿ ಅದು ಮುಚ್ಚಿತು. ಅದೇ ಚಾಳಿಯ ಬೇರೆಯವು ಬರದೇ ಇರುವುದಿಲ್ಲ.

ವಿಕಿಪೀಡಿಯದಂಥ ಕಡೆಯೂ ಎಲ್ಲರ ಬ್ರೌಸರಿನಲ್ಲಿ ಓಡುವ ಸ್ಕ್ರಿಪ್ಟ್ ತಿದ್ದುವ ಅಧಿಕಾರವನ್ನು 2018ರಲ್ಲಿ ಸಾಮಾನ್ಯ ನಿರ್ವಾಹಕರಿಂದ ಬಿಡಿಸಿ, ಬೆರಳೆಣಿಕೆಯ ಮಂದಿಗೆ ಪ್ರತ್ಯೇಕವಾಗಿ ಕೊಟ್ಟರು. ಓದಿ ನೋಡುವುದು ಬೇಕು, ಕೆಟ್ಟ ಮಾತು, ಕೆಟ್ಟ ಚಿತ್ರ, ಕದ್ದ ಕೆಲಸ ಹಿಡಿಯಲು. ಕೋಡಿನಿಂದ ರಕ್ಷಣೆಗೆ ಅದನ್ನೇ ನಂಬಬೇಡಿ.

ಸ್ಯಾಂಡ್‌ಬಾಕ್ಸ್ ಐಫ್ರೇಮ್

ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟು ಐಫ್ರೇಮ್. ಅದಕ್ಕೆ ಸ್ಯಾಂಡ್‌ಬಾಕ್ಸ್ ಅಂತ ಒಂದು ಪದ ಸೇರಿಸಿದರೆ ಒಳಗಿನದಕ್ಕೆ ಎಲ್ಲ ಬಾಗಿಲೂ ಮುಚ್ಚುತ್ತವೆ: ಸ್ಕ್ರಿಪ್ಟ್ ಓಡುವುದಿಲ್ಲ, ಫಾರಂ ಕಳಿಸಲಾಗದು, ಹೊಸ ಕಿಟಕಿ ತೆರೆಯಲಾಗದು, ಇಡೀ ಪುಟವನ್ನು ಬೇರೆ ಕಡೆಗೆ ಒಯ್ಯಲಾಗದು. ಆಮೇಲೆ ಬೇಕಾದ್ದನ್ನು ಒಂದೊಂದಾಗಿ ತೆರೆಯುವುದು. ಆಟಕ್ಕೆ ಬೇಕಾದ್ದು 'ಅಲೋ-ಸ್ಕ್ರಿಪ್ಟ್ಸ್' ಒಂದೇ. ಅಷ್ಟು ಕೊಟ್ಟರೆ ಸ್ಕ್ರಿಪ್ಟ್ ಓಡುತ್ತದೆ, ಆದರೆ ಬ್ರೌಸರ್ ಅದನ್ನು ಯಾವ ವಿಳಾಸಕ್ಕೂ ಸೇರದ ಪರಕೀಯ ಅಂತ ನೋಡುತ್ತದೆ. ನಿಮ್ಮ ಕುಕೀ, ನಿಮ್ಮ ಪುಟ ಯಾವುದೂ ಅದರ ಕೈಗೆ ಸಿಗದು.

ಇಲ್ಲಿ ಕಾಲು ಜಾರಿ ಬೀಳುವ ಎರಡು ಗುಂಡಿಗಳಿವೆ.

ಒಂದು, 'ಅಲೋ-ಸೇಮ್-ಆರಿಜಿನ್', ಅಂದರೆ ಒಳಗಿನ ಪುಟವನ್ನು ಅದು ಬಂದ ವಿಳಾಸದ್ದೇ ಅಂತ ನೋಡು ಅನ್ನುವ ಅನುಮತಿ. ಪರಕೀಯನಾದ ಪುಟಕ್ಕೆ ಬ್ರೌಸರಿನ ಲೋಕಲ್ ಸ್ಟೋರೇಜ್ ಸಿಗುವುದಿಲ್ಲ, ಮುಟ್ಟಿದರೆ ಎರರ್ ಬರುತ್ತದೆ. ಆಟದ ಸ್ಕೋರ್ ಉಳಿಯುವುದಿಲ್ಲ. ಕೆಲವು ಆಟಗಳು ಆ ಎರರಿಗೆ ಶುರುವಾಗುವ ಮೊದಲೇ ಸತ್ತುಬೀಳುತ್ತವೆ. ಹುಡುಗ ದೂರು ಕೊಡುತ್ತಾನೆ, ಅಡ್ಮಿನ್ ಹುಡುಕಾಡಿ ಈ ಪದವನ್ನೂ ಸೇರಿಸುತ್ತಾರೆ, ಆಟ ಓಡುತ್ತದೆ, ಎಲ್ಲರೂ ಖುಷಿ. ಆದರೆ ಫೈಲ್ ನಿಮ್ಮದೇ ವಿಳಾಸದಲ್ಲಿದ್ದು ಈ ಎರಡೂ ಪದ ಒಟ್ಟಿಗೆ ಇದ್ದರೆ, ಒಳಗಿನ ಕೋಡ್ ಹೊರಗೆ ಕೈ ಹಾಕಿ ಸ್ಯಾಂಡ್‌ಬಾಕ್ಸನ್ನೇ ಕಿತ್ತು ಬಿಸಾಡಬಹುದು. ಬೇಲಿ ಇದ್ದೂ ಇಲ್ಲದ ಹಾಗೆ.

ಇನ್ನೊಂದು ಗುಂಡಿ ಇನ್ನೂ ಮೋಸದ್ದು. ಸ್ಯಾಂಡ್‌ಬಾಕ್ಸ್ ಇರುವುದು ನಿಮ್ಮ ಪುಟದ ಚೌಕಟ್ಟಿನಲ್ಲಿ, ಫೈಲಿನಲ್ಲಲ್ಲ. ಯಾರೋ ಆ ಫೈಲಿನ ನೇರ ವಿಳಾಸ ಹಿಡಿದು ವಾಟ್ಸಾಪ್ ಗುಂಪಿಗೆ ಕಳಿಸಿದರು ಅನ್ನಿ. ಒತ್ತಿದವರಿಗೆ ಆಟ ಚೌಕಟ್ಟಿಲ್ಲದೆ ನೇರವಾಗಿ ತೆರೆಯುತ್ತದೆ, ನಿಮ್ಮ ವಿಳಾಸದಲ್ಲಿ, ಪೂರ್ತಿ ಅಧಿಕಾರದೊಂದಿಗೆ. ಇದಕ್ಕೆ ಮದ್ದು ಸರ್ವರ್ ಕಡೆಯಿಂದ. ಅಪ್‌ಲೋಡ್ ಆದ ಫೈಲುಗಳನ್ನು ಕಳಿಸುವಾಗ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಹೆಡರಿನಲ್ಲೂ (ಫೈಲಿನ ಜೊತೆ ಸರ್ವರ್ ಬ್ರೌಸರಿಗೆ ಕಳಿಸುವ ಸೂಚನೆ) ಸ್ಯಾಂಡ್‌ಬಾಕ್ಸ್, ಅದರ ಪಕ್ಕ 'ಅಲೋ-ಸ್ಕ್ರಿಪ್ಟ್ಸ್' ಅಂತ ಹಾಕಬೇಕು. ಆಗ ನೇರವಾಗಿ ತೆರೆದರೂ ಬೇಲಿ ಜೊತೆಗೇ ಬರುತ್ತದೆ.

ಅದೇ ಹೆಡರಿನಲ್ಲಿ ಹೊರಗಿನ ಸಂಪರ್ಕವನ್ನೂ ಬಹುಮಟ್ಟಿಗೆ ಕತ್ತರಿಸಬಹುದು, ಆಟ ಬೇರೆ ಸರ್ವರುಗಳಿಗೆ ಸುಲಭವಾಗಿ ಮಾತಾಡದ ಹಾಗೆ. ಚೌಕಟ್ಟಿನೊಳಗೇ ನಿಮ್ಮ ಲಾಗಿನ್ ಪುಟದ ಥರ ಚಿತ್ರ ಬಿಡಿಸಿ ಪಾಸ್‌ವರ್ಡ್ ಕೇಳುವ ಆಟಗಳಿಗೆ ಇದು ಬೇಕೇ ಬೇಕು. ಒಂದು ಸಣ್ಣ ವಿಷಯ: ಹೆಡರಿನ 'ಡೀಫಾಲ್ಟ್-ಎಸ್‌ಆರ್‌ಸಿ' (ಪುಟ ಎಲ್ಲಿಂದ ಏನು ತರಿಸಬಹುದು ಅನ್ನುವ ಸಾಲು) ಮುಚ್ಚಿದರೆ ಎಲ್ಲ ಮುಚ್ಚಿತು ಅಂದುಕೊಳ್ಳಬೇಡಿ, ಫಾರಂ ಕಳಿಸುವುದನ್ನು ಆ ಸಾಲು ತಡೆಯುವುದಿಲ್ಲ, ತಡೆಯಲು 'ಫಾರ್ಮ್-ಆ್ಯಕ್ಷನ್' ಅಂತ ಬೇರೆಯೇ ಬರೆಯಬೇಕು.

ಬೇರೆ ಡೊಮೇನ್

ಇದು ದೊಡ್ಡವರ ದಾರಿ. ಕೋಡ್ ಇಟ್ಟು ಹಂಚಿಕೊಳ್ಳುವ ಸೈಟಾದ ಗಿಟ್‌ಹಬ್ ಜನರ ಪುಟಗಳನ್ನು ಮೊದಲು ತನ್ನದೇ ಡೊಮೇನಿನ ಕೆಳಗೆ ಇಟ್ಟಿತ್ತು. 2013ರ ಏಪ್ರಿಲ್‌ನಲ್ಲಿ ಅವನ್ನೆಲ್ಲ ಗಿಟ್‌ಹಬ್ ಡಾಟ್ ಐಓ ಅನ್ನುವ ಬೇರೆ ಡೊಮೇನಿಗೆ ಸಾಗಿಸಿತು. ಗೂಗಲ್ ಕೂಡ ಬಳಕೆದಾರರ ಫೈಲುಗಳಿಗೆ ಗೂಗಲ್‌ಯೂಸರ್‌ಕಂಟೆಂಟ್ ಅಂತ ಪ್ರತ್ಯೇಕ ಡೊಮೇನ್ ಇಟ್ಟುಕೊಂಡಿದೆ. ಗವಿಮಠದ ಜಾತ್ರೆಯಲ್ಲಿ ಅಂಗಡಿ ಮೈದಾನದಲ್ಲಿ ಹಾಕುತ್ತಾರೆ, ಮಠದ ಕಾಣಿಕೆ ಎಣಿಸುವ ಕೋಣೆಯಲ್ಲಲ್ಲ. ಹಾಗೇ ಇದೂ. ಲಾಗಿನ್ ಇರುವ ವಿಳಾಸ ಒಂದು, ಬಂದವರ ಆಟ ಓಡುವ ವಿಳಾಸ ಇನ್ನೊಂದು.

'ಸಬ್‌ಡೊಮೇನ್ ಸಾಲದಾ? ಪುಕ್ಕಟೆ ಸಿಗುತ್ತೆ' ಅನ್ನುವುದು ಮೊದಲ ಪ್ರಶ್ನೆ. ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ ಸಬ್‌ಡೊಮೇನ್ ಅಂದರೆ ನಿಮ್ಮ ಡೊಮೇನಿನದೇ ಕೊಂಬೆ. ಅಲ್ಲಿ ಓಡುವ ಕೋಡ್ ಮುಖ್ಯ ಡೊಮೇನಿಗೆ ಕುಕೀ ಇಡಬಲ್ಲದು, ಅದರಿಂದ ಲಾಗಿನ್ ಗೊಂದಲ ಎಬ್ಬಿಸಬಲ್ಲದು. ಗಿಟ್‌ಹಬ್ ಮನೆ ಬದಲಿಸಿದ್ದೂ ಇಂಥ ಕುಕೀ ಕಾಟ ತಪ್ಪಿಸಲೇ. ಡಾಟ್ ಇನ್ ಡೊಮೇನ್ ಒಂದಕ್ಕೆ ವರ್ಷಕ್ಕೆ ಕೆಲವು ನೂರು ರೂಪಾಯಿ. ಇಲ್ಲಿ ಜಿಪುಣತನ ಬೇಡ.

ಇನ್ನೊಂದು ಲಾಭದ ಬಗ್ಗೆ ಯಾರೂ ಹೇಳುವುದಿಲ್ಲ. ಯಾರೋ ಮೋಸದ ಪುಟ ಹಾಕಿ, ಗೂಗಲ್‌ನ ಸೇಫ್ ಬ್ರೌಸಿಂಗ್ ಅದನ್ನು ಹಿಡಿದರೆ, ಡೊಮೇನಿಗೇ ಕೆಂಪು ಎಚ್ಚರಿಕೆ ಬೀಳಬಹುದು. ಬಿದ್ದರೆ ಆಟದ ಡೊಮೇನಿಗೆ ಬೀಳಲಿ. ಮುಖ್ಯ ಸೈಟಿನಲ್ಲಿ ಮಾಸ್ತರರ ಕೆಲಸ ನಡೆಯುತ್ತಿರುತ್ತದೆ.

ಪ್ರತಿ ಆಟಕ್ಕೂ ಬೇರೆ ಸಬ್‌ಡೊಮೇನ್ ಕೊಟ್ಟರೆ ಇನ್ನೂ ಚೆನ್ನ. ಆಗ ಒಂದು ಆಟ ಉಳಿಸಿಟ್ಟ ಸ್ಕೋರಿಗೆ ಇನ್ನೊಂದು ಕೈ ಹಾಕುವುದಿಲ್ಲ. ವಿಳಾಸ ಬೇರೆಯಾದ್ದರಿಂದ 'ಅಲೋ-ಸೇಮ್-ಆರಿಜಿನ್' ಕೊಟ್ಟರೂ ಮುಖ್ಯ ಸೈಟಿಗೆ ತೊಂದರೆಯಿಲ್ಲ, ಸ್ಕೋರೂ ಉಳಿಯುತ್ತದೆ. (ಆಗ ಹೆಡರಿನಲ್ಲೂ ಅದನ್ನು ಸೇರಿಸಬೇಕು, ಇಲ್ಲದಿದ್ದರೆ ಎರಡರಲ್ಲಿ ಬಿಗಿ ಯಾವುದೋ ಅದೇ ನಡೆಯುತ್ತದೆ.) ಇಷ್ಟೊಂದು ಸಬ್‌ಡೊಮೇನಿಗೆ ಎಚ್‌ಟಿಟಿಪಿಎಸ್ ಹೇಗೆ? ಲೆಟ್ಸ್ ಎನ್‌ಕ್ರಿಪ್ಟ್ 2018ರಿಂದ ವೈಲ್ಡ್‌ಕಾರ್ಡ್ (ಎಲ್ಲ ಸಬ್‌ಡೊಮೇನಿಗೂ ಒಂದೇ ಸಾಕಾಗುವ) ಸರ್ಟಿಫಿಕೇಟನ್ನು ಪುಕ್ಕಟೆ ಕೊಡುತ್ತಿದೆ. ಅದಕ್ಕೆ ಡಿಎನ್‌ಎಸ್ (ಡೊಮೇನಿನ ವಿಳಾಸ ದಾಖಲೆ) ಮೂಲಕ ದೃಢಪಡಿಸಬೇಕು, ಹಾಗಾಗಿ ಡಿಎನ್‌ಎಸ್‌ಗೆ ಎಪಿಐ, ಅಂದರೆ ಪ್ರೋಗ್ರಾಮಿನಿಂದಲೇ ದಾಖಲೆ ತಿದ್ದುವ ಸೌಲಭ್ಯ, ಇರುವ ಕಂಪನಿಯನ್ನೇ ಆರಿಸಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಸಲ ನವೀಕರಿಸುವಾಗ ಕೈಯಿಂದಲೇ ದಾಖಲೆ ತಿದ್ದಬೇಕು, ಯಾರಾದರೂ ಊರಿಗೆ ಹೋದ ವಾರವೇ ಅದು ಕೈಕೊಡುತ್ತದೆ.

ಕಷ್ಟ ಇರುವುದು ಇದನ್ನು ನಿಲ್ಲಿಸುವ ಕೆಲಸದಲ್ಲಿ. ಜಿಪ್ ಬಿಚ್ಚಬೇಕು, ಫೈಲುಗಳ ಸಂಖ್ಯೆಗೂ ಗಾತ್ರಕ್ಕೂ ಮಿತಿ ಇಡಬೇಕು, ಹೆಸರಿನಲ್ಲಿ ಚುಕ್ಕಿ ಚುಕ್ಕಿ ಸೇರಿಸಿ ಬೇರೆ ಫೋಲ್ಡರಿಗೆ ಬರೆಯುವ ಜಿಪ್‌ಗಳನ್ನು ತಡೆಯಬೇಕು. ಆ ಡೊಮೇನಿನಲ್ಲಿ ಪಿಎಚ್‌ಪಿ (ಸರ್ವರಿನಲ್ಲೇ ಓಡುವ ಕೋಡ್) ಓಡಲೇಬಾರದು, ಬರೀ ಫೈಲು ಕೊಡುವ ಸರ್ವರ್ ಇರಲಿ. ಸರ್ವರ್ ಕೆಲಸ ಗೊತ್ತಿರುವ ಒಬ್ಬರಾದರೂ ಗುಂಪಿನಲ್ಲಿ ಇಲ್ಲದಿದ್ದರೆ ಈ ದಾರಿಗೆ ಇಳಿಯಬೇಡಿ.

ಫೋನು, ನೆಟ್‌ವರ್ಕು, ನುಡಿ

ಸಿಂಧನೂರಿನ ಕಡೆಯ ಹಳ್ಳಿಯಲ್ಲಿ ಕೂತು ಓದುವವರ ಕೈಯಲ್ಲಿರುವುದು ಸಾಧಾರಣ ಆಂಡ್ರಾಯ್ಡ್ ಫೋನು. ಪುಟ ತೆರೆದ ಕೂಡಲೇ ಆಟ ಓಡಿದರೆ ಫೋನು ಬಿಸಿ, ಡೇಟಾ ಖಾಲಿ. ಕೋಡಿನಲ್ಲಿ ಕೊನೆಯಿಲ್ಲದ ಲೂಪ್ ಇದ್ದರೆ ಪುಟವೇ ಸಿಕ್ಕಿಹಾಕಿಕೊಳ್ಳಬಹುದು, ಸ್ಯಾಂಡ್‌ಬಾಕ್ಸ್ ಇದನ್ನು ತಡೆಯುವುದಿಲ್ಲ. ಹಾಗಾಗಿ ಮೊದಲು ಒಂದು ಚಿತ್ರ, ಅದರ ಮೇಲೆ 'ಶುರು ಮಾಡಿ' ಬಟನ್, ಪಕ್ಕದಲ್ಲಿ ಎಷ್ಟು ಎಂಬಿ ಅಂತ. ಒತ್ತಿದವರಿಗೆ ಮಾತ್ರ ಓಡಲಿ.

ಹೊರಗಿನ ಸಂಪರ್ಕ ಮುಚ್ಚಿದ ಮೇಲೆ ಹೊರಗಿನ ಫಾಂಟೂ ಬರುವುದಿಲ್ಲ. ನೋಟೋ ಸಾನ್ಸ್ ಕನ್ನಡದಂಥ ಒಂದು ಮುಕ್ತ ಫಾಂಟನ್ನು, ಬೇಕಾಗುವ ನಾಲ್ಕಾರು ಲೈಬ್ರರಿಗಳನ್ನು ನಿಮ್ಮ ಆಟದ ಡೊಮೇನಿನಲ್ಲೇ ಇಟ್ಟು, ಕಳಿಸುವವರಿಗೆ ಆ ವಿಳಾಸ ಕೊಡಿ. ಹಳೆಯ ಮಾಸ್ತರರ ಫೈಲುಗಳಲ್ಲಿ ಇನ್ನೊಂದು ತಮಾಷೆ ಇರುತ್ತದೆ: ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿರುತ್ತಾರೆ, ಪರದೆ ಮೇಲೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಯೂನಿಕೋಡ್‌ಗೆ ಬದಲಿಸಿ ಕಳಿಸಿ ಅಂತ ಅಪ್‌ಲೋಡ್ ಪುಟದಲ್ಲೇ ಬರೆದುಬಿಡಿ.

ಕಾನೂನಿನ ಮಾತು ಚುಟುಕಾಗಿ. ಜನ ಹಾಕಿದ್ದನ್ನು ತೋರಿಸುವ ಸೈಟಿಗೆ 2021ರ ಐಟಿ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿಳಾಸ ಪ್ರಕಟಿಸಬೇಕು. 2023ರ ದತ್ತಾಂಶ ರಕ್ಷಣೆ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಸಾಮಾನ್ಯವಾಗಿ ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತದೆ ಆ ಕಾಯ್ದೆ. ಶಾಲೆ ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯುವ ಬದಲು ಮಾಸ್ತರರ ಖಾತೆಯಿಂದಲೇ ಹಾಕಿಸುವುದು ಸಲೀಸು.

ಹಾಗಾದರೆ ಯಾರಿಗೆ ಯಾವುದು?

ಶಾಲೆಗಳ ಗುಂಪಾಗಿದ್ದು, ಸರ್ವರ್ ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ: ಎಚ್‌5ಪಿ ಅಚ್ಚುಗಳು, ಜೊತೆಗೆ ಸ್ಕ್ರ್ಯಾಚ್ ಮತ್ತು ಜಿಯೋಜೀಬ್ರಾ ಲಿಂಕುಗಳು. ಹತ್ತರಲ್ಲಿ ಎಂಟು ಬೇಡಿಕೆ ಇದರಲ್ಲೇ ತೀರುತ್ತದೆ ಅಂತ ನನ್ನ ಅಂದಾಜು. ಬಳ್ಳಾರಿಯದೋ ರಾಯಚೂರಿನದೋ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಸೇರಿ ನಡೆಸುವ ಸೈಟಾದರೆ, ಬೇರೆ ಡೊಮೇನ್ ಮತ್ತು ಸ್ಯಾಂಡ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಹಾಕಿ. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತದೆ, ಕಲಿಯುವುದಕ್ಕೂ ಒಳ್ಳೆಯ ಕೆಲಸ. ಡ್ಯಾಮಿನ ಪುಟ ಬಂದರೆ ಜಾಗ ಇಲ್ಲೇ. ಬೇರೆ ಡೊಮೇನ್ ಸದ್ಯಕ್ಕೆ ಆಗದು ಅನ್ನುವವರು ಹೆಡರ್ ಸಮೇತ ಸ್ಯಾಂಡ್‌ಬಾಕ್ಸ್ ಹಾಕಿ, ಸ್ಕೋರ್ ಉಳಿಯುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಓದಿ ನೋಡಿ ನೇರವಾಗಿ ಹಾಕುವ ದಾರಿಯನ್ನು ಯಾರಿಗೂ ಹೇಳಲಾರೆ.

ಯಾವುದನ್ನೇ ಹಾಕಿರಿ, ಜನರಿಗೆ ತೆರೆಯುವ ಮೊದಲು ನೀವೇ ಒಂದು ತುಂಟ ಪುಟ ಬರೆದು ಸಾಮಾನ್ಯ ಸದಸ್ಯರ ಖಾತೆಯಿಂದ ಅಪ್‌ಲೋಡ್ ಮಾಡಿ. ಅದು ಕುಕೀ ಓದಲು ನೋಡಲಿ, ಹೊರಗಿನ ಪುಟದ ಶೀರ್ಷಿಕೆ ಬದಲಿಸಲು ನೋಡಲಿ, ಸೈಟಿನ ಲಾಗಿನ್ ಬಳಸಿ ನಿಮ್ಮ ಪ್ರೊಫೈಲ್ ತರಿಸಲು ನೋಡಲಿ. ಆಮೇಲೆ ಅಡ್ಮಿನ್ ಖಾತೆಯಲ್ಲಿ ಲಾಗಿನ್ ಆಗಿ ಅದನ್ನು ಎರಡು ಥರ ತೆರೆಯಿರಿ: ಒಮ್ಮೆ ಚೌಕಟ್ಟಿನೊಳಗೆ, ಒಮ್ಮೆ ಫೈಲಿನ ನೇರ ವಿಳಾಸ ಹೊಸ ಟ್ಯಾಬಿನಲ್ಲಿ ಹಾಕಿ. ಎರಡರಲ್ಲೂ ಮೂರೂ ಪ್ರಯತ್ನ ಸೋತರೆ ಅಪ್‌ಲೋಡ್ ಬಟನ್ ಎಲ್ಲರಿಗೂ ಕಾಣಿಸಿ. ಒಂದೇ ಒಂದು ಗೆದ್ದರೂ ಬಟನ್ ಮುಚ್ಚಿಟ್ಟು, ಸರ್ವರಿನ ಹೆಡರುಗಳನ್ನು ಮತ್ತೆ ಸಾಲು ಸಾಲಾಗಿ ನೋಡಿ.